ಎದೆಯುರಿಯ ಮದ್ದನ್ನು ಸೇವಿಸುವ ಬಗೆ

ನಮ್ಮ ಆಡುಮಾತಿನಲ್ಲಿ ಇಂದು 'ಗ್ಯಾಸ್ಟ್ರಿಕ್' ಎಂಬ ಮಾತು ಹೊತ್ತಿರುವಷ್ಟು ಭಾರವನ್ನು ಇನ್ನಾವ ಮಾತೂ ಹೊತ್ತಿರಲಾರದು. ಇಂಗ್ಲಿಷಿನಲ್ಲಿ ಅದೊಂದು ಬಡ ವಿಶೇಷಣ. 'ಜಠರಕ್ಕೆ ಸಂಬಂಧಿಸಿದ' ಎಂದಷ್ಟೇ ಅದರ ಅರ್ಥ. ನಮ್ಮಲ್ಲಿ ಅದಕ್ಕೆ ರೋಗದ ಪಟ್ಟ ದೊರೆತಿದೆ. ಎದೆಯಲ್ಲಿ ಉರಿಯೆದ್ದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ಹುಳಿತೇಗು ಬಂದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಹೆಸರು ಒಂದಾದ ಮೇಲೆ ಮದ್ದೂ ಒಂದೇ ಎಂದು ಭಾವಿಸುವುದು ಸಹಜ. ಔಷಧದಂಗಡಿಯ ಮುಂದೆ ನಿಂತು 'ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ' ಎಂದರೆ ಸಾಕು, ಏನು ಎತ್ತ ಎಂದು ವಿಚಾರಿಸದೆ ಒಂದನ್ನು ಕತ್ತರಿಸಿ ಕೈಗೆ ಹಾಕುತ್ತಾರೆ. ಹೀಗೆ ಸುಲಭವಾಗಿ ಕೈಗೆ ಬಂದ ಮದ್ದನ್ನು ನಾವು ಸುಲಭವಾಗಿಯೇ ನುಂಗುತ್ತೇವೆ. ಯಾವಾಗ ನುಂಗಬೇಕು, ಎಷ್ಟು ದಿನ ನುಂಗಬೇಕು, ಎಂದು ನಿಲ್ಲಿಸಬೇಕು ಎಂಬ ವಿಚಾರ ಹೆಚ್ಚಿನವರ ಮನಸ್ಸಿಗೆ ಬರುವುದೇ ಇಲ್ಲ.

ವೈದ್ಯನಾದ ನನ್ನ ಬಳಿಗೆ ಬರುವವರಲ್ಲಿ 'ಮಾತ್ರೆ ನಾಟಲಿಲ್ಲ' ಎಂದು ದೂರುವವರು ಅನೇಕರು. ಅವರಿಗೆ ಬೇರೆ ಮಾತ್ರೆ ಬರೆದುಕೊಡುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: 'ಅದನ್ನು ಯಾವ ಹೊತ್ತಿನಲ್ಲಿ ತೆಗೆದುಕೊಳ್ಳುತ್ತೀರಿ?' ಎಷ್ಟೋ ಸಲ ದೋಷವಿರುವುದು ಮಾತ್ರೆಯಲ್ಲಲ್ಲ, ಗಡಿಯಾರದಲ್ಲಿ. ಇದು ಹೇಗೆಂದು ತಿಳಿಯಬೇಕಾದರೆ ಜಠರದ ವ್ಯವಹಾರವನ್ನು ಸ್ವಲ್ಪ ಅರಿಯಬೇಕು.

ಎದೆಯುರಿ ಹೊಸ ರೋಗವೇನೂ ಅಲ್ಲ. ಮಾಧವನಿದಾನದಲ್ಲಿ ಆಮ್ಲಪಿತ್ತಕ್ಕೆಂದೇ ಒಂದು ಅಧ್ಯಾಯವಿದೆ. ಹುಳಿತೇಗು, ಎದೆ ಮತ್ತು ಗಂಟಲುಗಳ ಉರಿ ಇವೇ ಅಲ್ಲಿ ಹೇಳಿರುವ ಲಕ್ಷಣಗಳು. ಆದರೆ ಆ ಹುಳಿ ಯಾವುದು ಎಂಬುದು ಇತ್ತೀಚಿನ ತಿಳಿವಳಿಕೆ. ವಿಲಿಯಂ ಪ್ರೌಟ್ ಎಂಬ ಆಂಗ್ಲ ವೈದ್ಯ 1824ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ತೋರಿಸಿಕೊಟ್ಟ. ಅದಕ್ಕೆ ಎರಡು ವರ್ಷ ಮುಂಚೆ, 1822ರಲ್ಲಿ, ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಹೊಟ್ಟೆಗೆ ಬಂದೂಕಿನ ಗುಂಡು ತಗುಲಿತು. ಅವನು ಬದುಕಿಕೊಂಡ, ಆದರೆ ಗಾಯ ಪೂರ್ಣವಾಗಿ ಮುಚ್ಚದೆ, ಜಠರದೊಳಕ್ಕೆ ಒಂದು ಕಿಂಡಿ ಉಳಿಯಿತು. ಅವನಿಗೆ ಚಿಕಿತ್ಸೆ ಮಾಡಿದ ಸೇನಾವೈದ್ಯ ವಿಲಿಯಂ ಬೋಮಂಟ್ ಆ ಕಿಂಡಿಯ ಮೂಲಕ ಜಠರದ ಕೆಲಸವನ್ನು ಕಣ್ಣಾರೆ ಕಂಡು, ವರ್ಷಗಟ್ಟಲೆ ಪ್ರಯೋಗ ನಡೆಸಿ, 1833ರಲ್ಲಿ ಪುಸ್ತಕ ಬರೆದ. ಆಹಾರ ಒಳಗೆ ಬಿದ್ದಾಗ ಜಠರರಸ ಜಿನುಗತೊಡಗುತ್ತದೆ ಎಂಬುದನ್ನು ಜಗತ್ತು ಸ್ಪಷ್ಟವಾಗಿ ತಿಳಿದದ್ದು ಹೀಗೆ. ಇದನ್ನು ನೆನಪಿನಲ್ಲಿಡಿ, ಮಾತ್ರೆಯ ವೇಳೆಯ ಗುಟ್ಟು ಇದರಲ್ಲೇ ಅಡಗಿದೆ.

ಜಠರದ ಒಳಗೋಡೆ ಈ ಪ್ರಖರ ಆಮ್ಲವನ್ನು ತಾಳಿಕೊಳ್ಳುವಂತೆ ರಚಿತವಾಗಿದೆ. ಅನ್ನನಾಳಕ್ಕೆ ಆ ರಕ್ಷಣೆಯಿಲ್ಲ. ಎರಡೂ ಕೂಡುವಲ್ಲಿ ಸ್ನಾಯುವಿನದೊಂದು ಉಂಗುರವಿದೆ. ನುಂಗುವಾಗ ಅದು ಸಡಿಲುತ್ತದೆ, ಬಳಿಕ ಬಿಗಿಯುತ್ತದೆ. ಬಿಗಿದಿರಬೇಕಾದ ಹೊತ್ತಿನಲ್ಲಿ ಅದು ಸಡಿಲಿದರೆ ಆಮ್ಲ ಮೇಲಕ್ಕೆ ಬರುತ್ತದೆ. ಅದೇ ಎದೆಯುರಿ. ಆದ್ದರಿಂದ ಎದೆಯುರಿಯುಳ್ಳವರಿಗೆ ಆಮ್ಲ ಹೆಚ್ಚಾಗಿದೆ ಎಂದು ತಿಳಿಯುವುದು ಸಾಮಾನ್ಯವಾಗಿ ಸರಿಯಲ್ಲ. ಆಮ್ಲ ಇರುವಷ್ಟೇ ಇದೆ. ಇರಬಾರದ ಎಡೆಗೆ ಬಂದಿದೆ. ಮಾತ್ರೆ ಏನು ಮಾಡುತ್ತದೆ? ಬಾಗಿಲನ್ನು ಅದು ರಿಪೇರಿ ಮಾಡುವುದಿಲ್ಲ. ಮೇಲೆ ಬರುವ ರಸದ ಹುಳಿಯನ್ನು ತಗ್ಗಿಸುತ್ತದೆ, ಅಷ್ಟೇ. ಮಾತ್ರೆಯಿಂದ ಉರಿ ಶಮನವಾದರೂ ಉಂಡದ್ದು ಗಂಟಲಿಗೆ ಮರಳಿ ಬರುವುದು ಕೆಲವರಲ್ಲಿ ನಿಲ್ಲದಿರುವುದಕ್ಕೆ ಇದೇ ಕಾರಣ. ಅದಕ್ಕೆ ಮಾತ್ರೆಯನ್ನು ಎರಡು ಮಾಡಿ ಪ್ರಯೋಜನವಿಲ್ಲ. ಊಟದ ಮತ್ತು ಮಲಗುವ ಕ್ರಮವನ್ನು ತಿದ್ದಬೇಕು.

ಈ ರೋಗಕ್ಕೆ ಮುಖ್ಯವಾಗಿ ಮೂರು ಬಗೆಯ ಔಷಧಗಳಿವೆ. ಮೊದಲನೆಯದು ಆಮ್ಲವನ್ನು ಅಲ್ಲಲ್ಲೇ ಮುರಿಯುವ ಕ್ಷಾರಗಳು. ಔಷಧದಂಗಡಿಯ ಗುಲಾಬಿ ಬಣ್ಣದ ನೀರೌಷಧ, ಚೀಪುವ ಮಾತ್ರೆ, ನೊರೆಯೇಳುವ ಪುಡಿ ಎಲ್ಲವೂ ಈ ಗುಂಪಿನವು. ಅಲ್ಯುಮಿನಿಯಂ ಮತ್ತು ಮೆಗ್ನೀಷಿಯಂಗಳ ಲವಣಗಳು, ಅಡಿಗೆ ಸೋಡಾ ಇವೇ ಅವುಗಳ ಜೀವಾಳ. ಅಲ್ಯುಮಿನಿಯಂ ಮಲವನ್ನು ಕಟ್ಟುತ್ತದೆ, ಮೆಗ್ನೀಷಿಯಂ ಸಡಿಲಿಸುತ್ತದೆ. ಎರಡನ್ನೂ ಕೂಡಿಸುವುದು ಇದಕ್ಕಾಗಿಯೇ. ಇವು ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತವೆ. ಬರಿಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯೊಳಗೆ ಜಠರದಿಂದ ಜಾರಿಹೋಗುತ್ತವೆ; ಊಟವಾದ ಒಂದು ಗಂಟೆಯ ಮೇಲೆ ಕುಡಿದರೆ ಆಹಾರದೊಡನೆ ನಿಂತು ಎರಡು ಮೂರು ಗಂಟೆ ಉಪಕರಿಸುತ್ತವೆ. ಎಂದೋ ಒಮ್ಮೆ ಉರಿ ಬಂದವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೆ ರಕ್ತದೊತ್ತಡವೋ ಹೃದಯದ ತೊಂದರೆಯೋ ಇರುವವರು ಸೋಡಾದ ಪುಡಿಗಳನ್ನು ದಿನವೂ ಕುಡಿಯಬಾರದು. ಅದರಲ್ಲಿ ಸೋಡಿಯಂ ಬಹಳ. ಮೂತ್ರಪಿಂಡ ಕೆಟ್ಟವರು ಅಲ್ಯುಮಿನಿಯಂ, ಮೆಗ್ನೀಷಿಯಂಗಳ ವಿಷಯದಲ್ಲಿ ವೈದ್ಯರನ್ನು ಕೇಳಲೇಬೇಕು. ಇನ್ನೊಂದು ಮಾತು: ಈ ಕ್ಷಾರಗಳು ಬೇರೆ ಔಷಧಗಳನ್ನು ಹಿಡಿದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ಗಳಿಗೂ ಇವಕ್ಕೂ ನಡುವೆ ಕೆಲವು ಗಂಟೆಗಳ ಅಂತರ ಇರಬೇಕು.

ಎರಡನೆಯ ಬಗೆ, ಆಮ್ಲವನ್ನು ಸ್ರವಿಸೆಂದು ಜಠರಕ್ಕೆ ಬರುವ ಆಜ್ಞೆಗಳಲ್ಲಿ ಒಂದನ್ನು ತಡೆಯುವುದು. ಹಿಸ್ಟಮಿನ್ ಎಂಬ ವಸ್ತು ಆ ಆಜ್ಞೆಯನ್ನು ತರುತ್ತದೆ. ಅದನ್ನು ತಡೆಯುವ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಬಳಿಕ ಬಂದ ರಾನಿಟಿಡಿನ್ ನಮ್ಮ ಹಳ್ಳಿಹಳ್ಳಿಗೂ ಪರಿಚಿತವಾಯಿತು. ಆದರೆ ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಕಲ್ಮಷವೊಂದು 2019ರಲ್ಲಿ ಕಂಡುಬಂದು, 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯುವಂತೆ ಕೇಳಿದರು. 2022ರಲ್ಲಿ ನಮ್ಮ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ ಅದನ್ನು ಬಿಡಲಾಯಿತು. ಅದೇ ವರ್ಗದ ಫಾಮೊಟಿಡಿನ್ ಬಳಕೆಯಲ್ಲಿದೆ. ಇದು ಸುಮಾರು ಒಂದು ಗಂಟೆಯಲ್ಲಿ ಪ್ರಭಾವ ತೋರಿ ಹತ್ತು ಹನ್ನೆರಡು ಗಂಟೆ ನಿಲ್ಲುತ್ತದೆ. ರಾತ್ರಿಯ ಉರಿಗೆ ಒಳ್ಳೆಯದು. ಆದರೆ ಬಿಡದೆ ಸೇವಿಸಿದರೆ ಒಂದೆರಡು ವಾರಗಳಲ್ಲಿ ಶರೀರ ಅದಕ್ಕೆ ಒಗ್ಗಿಕೊಂಡು ಪ್ರಭಾವ ಕುಂದುತ್ತದೆ. ಬೇಕಾದಾಗ ಮಾತ್ರ ತೆಗೆದುಕೊಂಡರೆ ಅದರ ಮೊನೆ ಮೊಂಡಾಗುವುದಿಲ್ಲ.

ಮೂರನೆಯ ಬಗೆಯೇ ಇಂದು ಮನೆಮನೆಯ ಡಬ್ಬಿಯಲ್ಲಿರುವುದು. 1988ರಲ್ಲಿ ಸ್ವೀಡನ್ನಿನಲ್ಲಿ ಮಾರಾಟಕ್ಕೆ ಬಂದ ಒಮೆಪ್ರಜೋಲ್ ಇವುಗಳಲ್ಲಿ ಹಿರಿಯದು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಅದರ ತಮ್ಮಂದಿರು. ಹೆಸರಿನ ಕೊನೆಗೆ 'ಪ್ರಜೋಲ್' ಎಂದಿದ್ದರೆ ಈ ವಂಶದ್ದೆಂದು ತಿಳಿಯಬಹುದು. ಜಠರದ ಗೋಡೆಯ ಕೋಶಗಳಲ್ಲಿ ಆಮ್ಲವನ್ನು ಎತ್ತಿ ಹಾಕುವ ಅಸಂಖ್ಯ ಸೂಕ್ಷ್ಮ ಪಂಪುಗಳಿವೆ. ಈ ಔಷಧ ಆ ಪಂಪುಗಳಿಗೇ ಬೀಗ ಜಡಿಯುತ್ತದೆ.

ಆದರೆ ಇದರ ಸ್ವಭಾವ ವಿಚಿತ್ರ. ಜಠರದ ಆಮ್ಲ ತಗುಲಿದರೆ ಔಷಧವೇ ನಾಶವಾಗುತ್ತದೆ. ಅದಕ್ಕಾಗಿಯೇ ಮಾತ್ರೆಗೆ ಆಮ್ಲದಲ್ಲಿ ಕರಗದ ಕವಚ ತೊಡಿಸಿರುತ್ತಾರೆ. ಅದು ಜಠರವನ್ನು ದಾಟಿ ಸಣ್ಣಕರುಳಿನಲ್ಲಿ ಕರಗಿ, ರಕ್ತದಲ್ಲಿ ಸುತ್ತಿ, ಹಿಂಬಾಗಿಲಿನಿಂದ ಜಠರದ ಕೋಶಗಳನ್ನು ಸೇರುತ್ತದೆ. ಅಲ್ಲಿ ಅದು ಬೀಗ ಹಾಕಬಲ್ಲದ್ದು ಓಡುತ್ತಿರುವ ಪಂಪಿಗೆ ಮಾತ್ರ. ಸುಮ್ಮನಿರುವ ಪಂಪನ್ನು ಮುಟ್ಟಲಾರದು. ಪಂಪುಗಳು ಓಡುವುದು ಯಾವಾಗ? ನಾವು ಉಣ್ಣುವಾಗ. ನಮ್ಮ ಹೊಲಗಳಲ್ಲಿ ಕರೆಂಟು ಬಂದ ಹೊತ್ತಿಗೆ ಊರಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಗುಯ್ಗುಡುವಂತೆ, ಮೊದಲ ತುತ್ತು ಇಳಿದಾಗ ಜಠರದ ಪಂಪುಗಳು ಏಳುತ್ತವೆ. ಔಷಧ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಆದ್ದರಿಂದ ಪಂಪುಗಳು ಏಳುವ ಹೊತ್ತಿಗೆ ಔಷಧ ರಕ್ತದಲ್ಲಿ ಕಾದಿರಬೇಕು. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕೆಂಬ ನಿಯಮದ ತಿರುಳು ಇಷ್ಟೇ. ಈ ವಂಶದ ಕೆಲವನ್ನು ಆಹಾರದೊಡನೆಯೂ ಸೇವಿಸಬಹುದೆಂಬ ಸೂಚನೆ ಉಂಟು. ಆದರೂ ಮುಂಚೆ ನುಂಗಿದರೆ ನಷ್ಟವಿಲ್ಲ, ಲಾಭವೇ.

ನಮ್ಮ ಮನೆಗಳ ದಿನಚರಿಗೆ ಇದು ಚೆನ್ನಾಗಿ ಹೊಂದುತ್ತದೆ. ಎದ್ದು ಮುಖ ತೊಳೆದು ಒಂದು ಲೋಟ ನೀರಿನೊಡನೆ ಮಾತ್ರೆ ನುಂಗಿ. ಸ್ನಾನ, ಪೂಜೆ, ಪತ್ರಿಕೆ ಮುಗಿಯುವ ಹೊತ್ತಿಗೆ ತಿಂಡಿಯ ವೇಳೆಯಾಗಿರುತ್ತದೆ. ಕಾಫಿಯನ್ನೂ ಅರ್ಧ ಗಂಟೆ ಕಾಯಿಸುವುದು ಲೇಸು. ಥೈರಾಯ್ಡ್ ಮಾತ್ರೆಯನ್ನೂ ಬೆಳಿಗ್ಗೆ ನುಂಗುವ ಹೆಣ್ಣುಮಕ್ಕಳು ಎರಡರ ಕ್ರಮವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಆಮ್ಲ ಕಡಿಮೆಯಾದರೆ ಥೈರಾಯ್ಡ್ ಮದ್ದಿನ ಹೀರಿಕೆಯೂ ತಗ್ಗಬಹುದು. ಬೆಳಿಗ್ಗೆ ಏನೂ ತಿನ್ನದೆ ಹೊಲಕ್ಕೆ ಹೋಗಿ, ಹತ್ತು ಗಂಟೆಗೆ ಬುತ್ತಿ ಬಿಚ್ಚುವವರು ಆ ಬುತ್ತಿಗೆ ಮುಂಚೆ ನುಂಗಲಿ. ರಾತ್ರಿ ಪಾಳಿಯವರು ಎದ್ದ ಮೇಲಿನ ಮೊದಲ ಊಟಕ್ಕೆ ಮುಂಚೆ ನುಂಗಲಿ. ಉರಿ ರಾತ್ರಿಯಲ್ಲೇ ಹೆಚ್ಚಾಗಿದ್ದರೆ ರಾತ್ರಿಯೂಟಕ್ಕೆ ಅರ್ಧ ಗಂಟೆ ಮುಂಚೆ ಎಂದು ವೈದ್ಯರು ಬದಲಾಯಿಸಬಹುದು. ಏಕಾದಶಿಯ ದಿನ ಮಾತ್ರೆ ನುಂಗಿ ನಿರಾಹಾರವಿದ್ದರೆ ಓಡುವ ಪಂಪುಗಳೇ ಕಡಿಮೆಯಾದ್ದರಿಂದ ಅದರ ಫಲವೂ ಕಡಿಮೆ.

ನಿವೃತ್ತ ಉಪಾಧ್ಯಾಯರೊಬ್ಬರು ಒಮ್ಮೆ ನನ್ನ ಬಳಿಗೆ ಬಂದಿದ್ದರು. 'ಎಂಟು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ ಡಾಕ್ಟರೇ, ರಾತ್ರಿ ಉರಿ ಮಾತ್ರ ಬಿಟ್ಟಿಲ್ಲ. ಇನ್ನೂ ಜೋರಿನದು ಏನಾದರೂ ಬರೆದುಕೊಡಿ' ಎಂದರು. ವಿಚಾರಿಸಿದರೆ, ರಾತ್ರಿ ಹತ್ತಕ್ಕೆ ಮುದ್ದೆಯೂಟ ಮುಗಿಸಿ, ರಕ್ತದೊತ್ತಡದ ಮಾತ್ರೆಯ ಜೊತೆಯಲ್ಲೇ ಇದನ್ನೂ ನುಂಗಿ, ಕೂಡಲೇ ಮಲಗುತ್ತಿದ್ದರು. 'ಮೇಷ್ಟ್ರೇ, ಮಾತ್ರೆ ಬದಲಾಯಿಸುವುದಿಲ್ಲ. ಇದನ್ನೇ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ. ರಾತ್ರಿಯೂಟ ಏಳೂವರೆಗೆ ಮುಗಿಯಲಿ' ಎಂದೆ. ಅವರ ಮುಖದಲ್ಲಿ ನಿರಾಶೆ ಕಂಡಿತು. ಹೊಸ ಚೀಟಿಯಿಲ್ಲದೆ ಹೋಗುವುದು ಯಾರಿಗೂ ಹಿತವಲ್ಲ. ಎರಡು ವಾರದ ನಂತರ ಬಂದವರು, ರಾತ್ರಿ ನಿದ್ದೆ ಹತ್ತುತ್ತಿದೆ ಎಂದರು. ಅದೇ ಮಾತ್ರೆ, ಅದೇ ಪ್ರಮಾಣ. ಬದಲಾದದ್ದು ವೇಳೆ ಮಾತ್ರ.

ಇನ್ನೂ ಕೆಲವು ಸೂಚನೆಗಳಿವೆ. ಕವಚವುಳ್ಳ ಈ ಮಾತ್ರೆಯನ್ನು ಕಡಿಯಬಾರದು, ಕುಟ್ಟಿ ಪುಡಿ ಮಾಡಬಾರದು. ಮೊದಲ ದಿನವೇ ಪೂರ್ಣ ಗುಣ ನಿರೀಕ್ಷಿಸಬಾರದು. ಎಲ್ಲ ಪಂಪುಗಳೂ ಒಮ್ಮೆಗೇ ಓಡುವುದಿಲ್ಲವಾದ್ದರಿಂದ ಪೂರ್ತಿ ಪ್ರಭಾವಕ್ಕೆ ಮೂರರಿಂದ ಐದು ದಿನ ಬೇಕು. ಎರಡು ದಿನ ನುಂಗಿ 'ನಾಟಲಿಲ್ಲ' ಎಂದು ಬಿಡುವವರೂ, ಉರಿ ಬಂದ ಗಳಿಗೆಗೆ ಒಂದನ್ನು ನುಂಗುವವರೂ ಈ ಮದ್ದಿನ ಗುಣವನ್ನು ಅರಿತವರಲ್ಲ. ತತ್‌ಕ್ಷಣದ ಶಮನಕ್ಕೆ ಕ್ಷಾರವೇ ತಕ್ಕದ್ದು. ಇತ್ತೀಚೆಗೆ ಆಹಾರದ ವೇಳೆಯನ್ನು ಅವಲಂಬಿಸದ ವೊನೊಪ್ರಜಾನ್ ಎಂಬ ಬೇರೊಂದು ಬಗೆಯ ಔಷಧ ಬಂದಿದೆ. 2014ರಲ್ಲಿ ಜಪಾನ್ ಅದಕ್ಕೆ ಅನುಮತಿ ನೀಡಿತು. ಆದರೆ ಹಳೆಯ ಮದ್ದನ್ನೇ ಸರಿಯಾಗಿ ಬಳಸಿ ನೋಡದೆ ಹೊಸದಕ್ಕೆ ಕೈಚಾಚುವುದು ವಿವೇಕವಲ್ಲ.

ಎಷ್ಟು ದಿನ ಸೇವಿಸಬೇಕು? ಸಾಧಾರಣ ಎದೆಯುರಿಗೆ ನಾಲ್ಕರಿಂದ ಎಂಟು ವಾರ. ಅನಂತರ ಪ್ರಮಾಣವನ್ನು ತಗ್ಗಿಸಿ, ಸಾಧ್ಯವಾದರೆ ನಿಲ್ಲಿಸಬೇಕು. ಇಲ್ಲಿ ಅನೇಕರು ಎಡವುತ್ತಾರೆ. ಒಮ್ಮೆಗೇ ನಿಲ್ಲಿಸಿದಾಗ ಉರಿ ಮೊದಲಿಗಿಂತ ಜೋರಾಗಿ ಬರುತ್ತದೆ. 'ಇದಿಲ್ಲದೆ ಬದುಕಿಲ್ಲ' ಎಂದು ಮತ್ತೆ ಶುರುಮಾಡುತ್ತಾರೆ. ಈ ಉರಿ ಎಲ್ಲ ಸಲವೂ ರೋಗದ್ದಲ್ಲ. 2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. 120 ಮಂದಿ ಆರೋಗ್ಯವಂತರನ್ನು ಆರಿಸಿ, ಅರ್ಧದಷ್ಟು ಜನರಿಗೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು, ಮುಂದಿನ ನಾಲ್ಕು ವಾರ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ಉಳಿದವರಿಗೆ ಮೊದಲಿನಿಂದಲೂ ಹುಸಿಮಾತ್ರೆ. ಮದ್ದು ನಿಂತ ಮೇಲೆ, ಎಂದೂ ಎದೆಯುರಿ ಇಲ್ಲದಿದ್ದ ಮೊದಲ ಗುಂಪಿನವರಲ್ಲಿ ಶೇಕಡ 44 ಮಂದಿಗೆ ಆಮ್ಲದ ತೊಂದರೆ ಕಾಣಿಸಿತು. ಎರಡನೆಯ ಗುಂಪಿನಲ್ಲಿ ಶೇಕಡ 15 ಮಂದಿಗೆ. ಆಮ್ಲವನ್ನು ಬಹುಕಾಲ ಅದುಮಿದರೆ ಜಠರ ಹೆಚ್ಚು ಸ್ರವಿಸಲು ಸಜ್ಜಾಗುತ್ತದೆ. ತಡೆ ತೆಗೆದಾಗ ಉಕ್ಕುತ್ತದೆ. ಈ ಉಕ್ಕು ಕೆಲವು ವಾರಗಳಲ್ಲಿ ಇಳಿಯುತ್ತದೆ. ಪ್ರಮಾಣವನ್ನು ಅರ್ಧ ಮಾಡಿ, ಬಳಿಕ ದಿನ ಬಿಟ್ಟು ದಿನ ಮಾಡಿ, ನಡುವೆ ಉರಿ ಬಂದರೆ ಕ್ಷಾರದಿಂದಲೋ ಫಾಮೊಟಿಡಿನ್‌ನಿಂದಲೋ ಸುಧಾರಿಸಿಕೊಂಡು ಇಳಿದರೆ ಬಹಳ ಮಂದಿ ಸುಖವಾಗಿ ದಡ ಸೇರುತ್ತಾರೆ.

ಹಾಗೆಂದು ಈ ಮಾತು ಕೇಳಿದವರೆಲ್ಲ ನಾಳೆಯೇ ಮಾತ್ರೆ ಬಿಡಬಾರದು. ಹೃದಯಕ್ಕಾಗಿ ದಿನವೂ ಆಸ್ಪಿರಿನ್ ಸೇವಿಸುತ್ತ, ವಯಸ್ಸಾಗಿ ರಕ್ತಸ್ರಾವದ ಅಪಾಯವಿರುವವರಿಗೆ, ಅನ್ನನಾಳ ತೀವ್ರವಾಗಿ ಹುಣ್ಣಾಗಿರುವವರಿಗೆ, ಹಿಂದೆ ಜಠರದಿಂದ ರಕ್ತ ಹೋದವರಿಗೆ ಇದು ಬಹುಕಾಲ ಬೇಕಾಗಬಹುದು. ಅಂಥವರಿಗೆ ಅದು ಕಾವಲುಗಾರ. ದೀರ್ಘಕಾಲ ಸೇವಿಸಿದರೆ ಬಿ12 ಜೀವಸತ್ವ, ಮೆಗ್ನೀಷಿಯಂಗಳು ತಗ್ಗಬಹುದು. ಮೂಳೆ ಮುರಿತದೊಡನೆಯೂ ಇದರ ಸಂಬಂಧವನ್ನು ಕೆಲವು ಅಧ್ಯಯನಗಳು ಸೂಚಿಸಿವೆ. ಆದರೆ 17 ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಪ್ಯಾಂಟೊಪ್ರಜೋಲ್ ಸೇವಿಸಿದವರಲ್ಲಿ ಕರುಳಿನ ಸೋಂಕು ಸ್ವಲ್ಪ ಹೆಚ್ಚಾದುದರ ಹೊರತು ಬೇರೆ ಹಾನಿ ಕಾಣಲಿಲ್ಲ. ಆದ್ದರಿಂದ ಅಂಜಬೇಕಾಗಿಲ್ಲ, ಅವಶ್ಯಕತೆಯಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳಬೇಕು. ಹೃದಯದವರು ಸೇವಿಸುವ ಕ್ಲೊಪಿಡೊಗ್ರೆಲ್‌ನ ಶಕ್ತಿಯನ್ನು ಒಮೆಪ್ರಜೋಲ್ ಕುಂದಿಸಬಲ್ಲದು; ಎರಡನ್ನೂ ನುಂಗುತ್ತಿರುವವರು ವೈದ್ಯರಿಗೆ ತಿಳಿಸಬೇಕು. ಡೊಂಪೆರಿಡೋನ್ ಸೇರಿಸಿದ ಜೋಡಿ ಕ್ಯಾಪ್ಸೂಲುಗಳು ನಮ್ಮಲ್ಲಿ ಬಹಳ ಬಳಕೆಯಲ್ಲಿವೆ. ಡೊಂಪೆರಿಡೋನ್ ಕೆಲವರಲ್ಲಿ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದೆಂಬ ಕಾರಣದಿಂದ 2014ರಲ್ಲಿ ಯೂರೋಪಿನ ನಿಯಂತ್ರಕರು ಅದನ್ನು ಅಲ್ಪ ಪ್ರಮಾಣಕ್ಕೆ, ಅಲ್ಪ ಕಾಲಕ್ಕೆ ಮಿತಿಗೊಳಿಸಿದರು. ತಿಂಗಳುಗಟ್ಟಲೆ ತಾವಾಗಿಯೇ ಕೊಂಡು ನುಂಗುವ ವಸ್ತುವಲ್ಲ ಅದು. ಇನ್ನು, ಹುಣ್ಣಿಗೆ ಕಾರಣವಾದ ಹೆಲಿಕೋಬ್ಯಾಕ್ಟರ್ ಎಂಬ ಜೀವಾಣುವಿಗಾಗಿ ಉಸಿರಿನ ಪರೀಕ್ಷೆ ಮಾಡಿಸುವವರು ಎರಡು ವಾರ ಮುಂಚೆ ಈ ಮಾತ್ರೆಯನ್ನು ನಿಲ್ಲಿಸಿರಬೇಕು. ಇಲ್ಲವಾದರೆ ಇದ್ದ ಜೀವಾಣು ಇಲ್ಲವೆಂದು ಬರಬಹುದು.

ಮದ್ದಿಗೆ ಹೆಗಲು ಕೊಡುವ ಕೆಲಸ ನಮ್ಮದು. ಊಟಕ್ಕೂ ಹಾಸಿಗೆಗೂ ಮೂರು ಗಂಟೆಯ ಅಂತರ, ಹೊಟ್ಟೆ ಬಿರಿಯದಂತೆ ಊಟ, ಹೊಗೆಸೊಪ್ಪಿನ ತ್ಯಾಗ, ಹೆಚ್ಚಿದ ತೂಕದ ಇಳಿಕೆ. ಇವಿಷ್ಟು ಆದರೆ ಅರ್ಧ ಮದ್ದು ಕಡಿಮೆಯಾಗುತ್ತದೆ. ನಮ್ಮಲ್ಲಿ ದೂರೆಲ್ಲ ಖಾರದ ಮೇಲೆ. ಆದರೆ ಕರಿದದ್ದು, ಕಾಫಿ, ರಾತ್ರಿಯ ಮದುವೆಯೂಟಗಳೂ ಅಷ್ಟೇ ಅಪರಾಧಿಗಳು. ತನಗೆ ಯಾವುದು ಆಗದೆಂದು ಪ್ರತಿಯೊಬ್ಬನೂ ಗಮನಿಸಿ ತಿಳಿಯಬೇಕು. ಹಾಲು ಕುಡಿದರೆ ಆ ಗಳಿಗೆಗೆ ತಂಪು. ಸ್ವಲ್ಪ ಹೊತ್ತಿನ ಮೇಲೆ ಅದೇ ಆಮ್ಲವನ್ನು ಪ್ರಚೋದಿಸುತ್ತದೆ. ರಾತ್ರಿ ಉರಿಯುಳ್ಳವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಆರರಿಂದ ಎಂಟು ಅಂಗುಲ ಎತ್ತರಿಸಲಿ. ದಿಂಬುಗಳನ್ನು ಪೇರಿಸಿದರೆ ಕುತ್ತಿಗೆ ಬಾಗಿ ಹೊಟ್ಟೆ ಮಡಿಸುತ್ತದೆಯೇ ಹೊರತು ಉಪಯೋಗವಿಲ್ಲ. ಎಡಮಗ್ಗುಲಲ್ಲಿ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆ. ನಮ್ಮ ಹಿರಿಯರು ವಾಮಕುಕ್ಷಿ ಎಂದು ಮಗ್ಗುಲನ್ನು ಸರಿಯಾಗಿಯೇ ಆರಿಸಿದ್ದರು. ಉಂಡ ಕೈ ಒಣಗುವ ಮುನ್ನವೇ ಒರಗುವುದೊಂದನ್ನು ನಾವು ಬಿಡಬೇಕು.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಕೀಲಿನಂತೆ ಕಪ್ಪಾಗುವುದು, ರಕ್ತವಾಂತಿ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ತಲೆದೋರಿದ ಅಜೀರ್ಣ. ಇವುಗಳಲ್ಲಿ ಒಂದಿದ್ದರೂ ಮಾತ್ರೆಯಿಂದ ಮುಚ್ಚಿಡಬಾರದು, ಪರೀಕ್ಷೆ ಮಾಡಿಸಬೇಕು. ಅದಕ್ಕೂ ಮಿಗಿಲಾದುದು ಎದೆಯ ನೋವು. ಹೃದಯಾಘಾತವೂ ಎಷ್ಟೋ ಸಲ ಎದೆಯುರಿಯ, ತೇಗಿನ, ಹೊಟ್ಟೆಯುಬ್ಬರದ ವೇಷದಲ್ಲಿ ಬರುತ್ತದೆ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಈ ವೇಷ ಇನ್ನೂ ಹೆಚ್ಚು. 'ಗ್ಯಾಸ್ ಇರಬೇಕು' ಎಂದು ಸೋಡಾ ಕುಡಿಸಿ, ಮಾತ್ರೆ ನುಂಗಿಸಿ, ಬೆಳಗಾಗಲಿ ಎಂದು ಕಾದು, ಬೆಳಗು ಕಾಣದೆ ಹೋದವರನ್ನು ನಾನು ಬಲ್ಲೆ. ಎದೆ ಬಿಗಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಬೆವರು ಕಿತ್ತು ಬಂದರೆ, ಉಸಿರು ಕಟ್ಟಿದರೆ, ನಡೆದಾಗ ಉರಿ ಹೆಚ್ಚಿ ನಿಂತಾಗ ಇಳಿದರೆ, ಯಾವ ಮಾತ್ರೆಯ ಪರೀಕ್ಷೆಯನ್ನೂ ಮಾಡುತ್ತ ಕೂಡಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಹೃದಯದ ವಿದ್ಯುತ್‌ಲೇಖ ತೆಗೆಸಿ, ಅದು ಹೃದಯದ್ದಲ್ಲವೆಂದು ವೈದ್ಯರು ಹೇಳಿದರೆ ನಷ್ಟವಾದದ್ದು ಒಂದು ರಾತ್ರಿಯ ನಿದ್ದೆ ಮಾತ್ರ.

ಎದೆಯುರಿಯ ಮದ್ದು ಒಳ್ಳೆಯ ಮದ್ದು. ತಕ್ಕ ರೋಗಕ್ಕೆ, ತಕ್ಕ ವೇಳೆಗೆ, ತಕ್ಕಷ್ಟು ದಿನ ಕೊಟ್ಟರೆ ಅದು ಋಣ ತೀರಿಸುತ್ತದೆ. ಯಾವ ಉರಿಯನ್ನು ಅದಕ್ಕೆ ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬ ವಿವೇಚನೆಯನ್ನು ಮಾತ್ರ ಯಾವ ಔಷಧದಂಗಡಿಯೂ ಮಾರುವುದಿಲ್ಲ. ಅದನ್ನು ನಾವೇ ಬೆಳೆಸಿಕೊಳ್ಳಬೇಕು.

(ಬಾನುಲಿ ಭಾಷಣ)